ಹನ್ನೆರಡು ಜೊತೆ ಬೆರಳಪಟ್ಟಿ

“ಗುರುಗಳೇ, ಕ್ಷಮೆ ದೊಡ್ಡದೋ, ಶಿಕ್ಷೆ ದೊಡ್ಡದೋ?”

ಕೇಳಿದವನು ಕೊಟ್ರಯ್ಯ. ಮಠದಲ್ಲಿ ಶನಿವಾರ ಸಂಜೆ ಸೇರುವ ಭಜನೆ ಕೂಟವನ್ನು ಆರು ವರ್ಷದಿಂದ ನಡೆಸಿಕೊಂಡು ಬಂದ ಶಿಷ್ಯ. ಆ ಕೂಟದಲ್ಲಿ ಯಾರಿಗೂ ಸಂಬಳವಿಲ್ಲ, ಯಾರ ಬಲವಂತವೂ ಇಲ್ಲ. ಹಾಡುವ ಆಸೆ ಇದ್ದವರು ಬರುತ್ತಾರೆ, ಹಾಡುತ್ತಾರೆ, ಮನೆಗೆ ಹೋಗುತ್ತಾರೆ. ಅವತ್ತೂ ಶನಿವಾರವೇ. ಕೂಟ ಸೇರುವುದಕ್ಕೆ ಇನ್ನು ಒಂದು ಗಂಟೆಯಷ್ಟೇ ಇತ್ತು.

ಗುರುಗಳು ಮೊರದ ತುಂಬ ಕಡಲೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಇದು ನಿನ್ನ ಪ್ರಶ್ನೆಯಲ್ಲ ಕೊಟ್ರಯ್ಯ. ನಿನ್ನ ಪ್ರಶ್ನೆಗೆ ಹೊದಿಸಿದ ಶಾಲು. ಶಾಲು ತೆಗೆ, ಒಳಗೆ ಏನಿದೆ ನೋಡೋಣ.”

ಕೊಟ್ರಯ್ಯ ಶಾಲು ತೆಗೆದ. ಕೂಟದಲ್ಲಿ ಹಾರ್ಮೋನಿಯಂ ನುಡಿಸುವವನು ಪಂಪಾಪತಿ. ಅವನ ಕೈ ಬಹಳ ಒಳ್ಳೆಯದು, ಬಾಯಿ ಬಹಳ ಕೆಟ್ಟದ್ದು. ಯಾರದಾದರೂ ಸ್ವರ ಜಾರಿದರೆ ಹಾರ್ಮೋನಿಯಂ ನಿಲ್ಲಿಸಿ, ಅದೇ ದನಿ ಮಾಡಿ, ಎಲ್ಲರೆದುರು ಅಣಕಿಸುತ್ತಾನೆ. ಕೂತವರು ನಗುತ್ತಾರೆ. ಹಾಡಿದವರು ಮುಂದಿನ ವಾರ ಬರುವುದಿಲ್ಲ. ಹೋದ ಶನಿವಾರ ದಾಕ್ಷಾಯಣಮ್ಮನವರ ಸರದಿ ಬಂದಿತ್ತು. ಗಂಡ ತೀರಿಕೊಂಡ ಮೇಲೆ ಎರಡು ವರ್ಷ ಬಾಯಿ ಬಿಡದೆ ಇದ್ದ ಹೆಂಗಸು, ಅವತ್ತು ಮೊದಲ ಸಲ ಹಾಡಿದ್ದರು. ದನಿ ನಡುಗಿತ್ತು. ಪಂಪಾಪತಿ ಆ ನಡುಕವನ್ನೂ ಬಿಡಲಿಲ್ಲ.

“ಆಯಮ್ಮ ಅವನನ್ನು ಬೈಯಲಿಲ್ಲ ಗುರುಗಳೇ. ಎದ್ದು ನನ್ನ ಹತ್ತಿರ ಬಂದು, ‘ಇನ್ನೊಂದು ಶನಿವಾರ ಬರುತ್ತೇನೆ ಕೊಟ್ರಯ್ಯ, ನೀನು ಏನಾದರೂ ಹೇಳುತ್ತೀಯೋ ಇಲ್ಲವೋ ನೋಡಿಕೊಂಡು ಹೋಗುತ್ತೇನೆ’ ಅಂದರು. ಆ ಶನಿವಾರ ಇವತ್ತೇ. ಬೆಳಗಿನಿಂದ ನನಗೆ ಅನ್ನ ಇಳಿದಿಲ್ಲ.”

“ನೀನು ಇಲ್ಲಿಯವರೆಗೆ ಏನು ಮಾಡಿದೆ?”

“ಸುಮ್ಮನೆ ಕೂತಿಲ್ಲ ಗುರುಗಳೇ. ಹೊಸಬರನ್ನು ಅವನಿಂದ ದೂರ, ಹಿಂದಿನ ಸಾಲಿಗೆ ಹಾಕಿದ್ದೇನೆ. ‘ಎಲ್ಲರೂ ಎಲ್ಲರನ್ನೂ ಗೌರವಿಸಿ’ ಅಂತ ಹಲಗೆ ಬರೆಸಿ ಗೋಡೆಗೆ ಹಾಕಿದ್ದೇನೆ. ಕಷ್ಟದ ಹಾಡುಗಳನ್ನೇ ಕೈಬಿಟ್ಟಿದ್ದೇನೆ.”

“ಪಂಪಾಪತಿಗೆ ಏನು ಹೇಳಿದೆ?”

“ಅವನಿಗೆ... ಸಮಯ ನೋಡಿ ಹೇಳಬೇಕು.”

ಗುರುಗಳು ಒಂದು ಹಿಡಿ ಕಡಲೆಕಾಯಿ ತೆಗೆದು ಕೊಟ್ರಯ್ಯನ ಕೈಗೆ ಹಾಕಿದರು.

“ಹಿಡಿ, ಸುಲಿ. ನನ್ನ ಕತೆ ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ.”

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಹಗಲೆಲ್ಲ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಹೊತ್ತು ಇಳಿದರೆ ಅವನಿಗೆ ಒಂದೇ ಹುಚ್ಚು, ಕೋಲಾಟ. ಊರಿನ ಹನ್ನೆರಡು ಜನರನ್ನು ಸೇರಿಸಿಕೊಂಡು ಹುಣಸೆಮರದ ಬಯಲಿನಲ್ಲಿ ಆಡಿಸುತ್ತಿದ್ದ. ಸುತ್ತ ಹನ್ನೆರಡು ಜನ, ನಡುವೆ ಇವನು, ಇವನ ಕೈಯಲ್ಲಿ ತಾಳ. ಬಂದವರೆಲ್ಲ ಕೈಯಿಂದ ದುಡಿದು ಉಣ್ಣುವವರು. ಒಬ್ಬ ಕುಂಬಾರ, ಒಬ್ಬ ಕ್ಷೌರಿಕ, ಒಬ್ಬ ಬುಟ್ಟಿ ಹೆಣೆಯುವವನು, ಹೀಗೆ. ಹಗಲು ದುಡಿದು ಸೋತ ಕೈಗೆ ಸಂಜೆ ಎರಡು ಕೋಲು ಸಿಕ್ಕರೆ ಆಯಾಸ ಎಲ್ಲಿ ಹೋಯಿತು ಅಂತ ಅವರಿಗೇ ತಿಳಿಯುತ್ತಿರಲಿಲ್ಲ. ನೇಕಾರನಿಗೆ ಮಕ್ಕಳಿರಲಿಲ್ಲ. ಆ ಕೂಟವೇ ಅವನ ಮನೆ ತುಂಬಿತ್ತು.

ಆ ಕೂಟದಲ್ಲಿ ಒಂದು ಕಟ್ಟಳೆ ಇತ್ತು. ಅದು ನೇಕಾರನ ಗುರು ಮಾಡಿಟ್ಟದ್ದು. ತಾಳಕ್ಕೆ ಸರಿಯಾಗಿ ಕೋಲು ಎತ್ತಿದವನ ಬೆರಳಿಗೆ ಪೆಟ್ಟು ಬೀಳುವುದಿಲ್ಲ. ಆದ್ದರಿಂದ ಯಾರ ಬೆರಳಿಗೆ ಪೆಟ್ಟು ಬಿತ್ತೋ ತಾಳ ತಪ್ಪಿದವನು ಅವನೇ. ಅವನು ಕೋಲು ಕೆಳಗಿಟ್ಟು, ಎದುರಿನವನಿಗೆ ಕೈ ಮುಗಿದು, “ತಾಳ ತಪ್ಪಿದೆ, ಕ್ಷಮಿಸಿ” ಎನ್ನಬೇಕು. ಅವತ್ತಿನ ಮಟ್ಟಿಗೆ ಆಟ ಬಿಟ್ಟು ಮರದ ಕೆಳಗಿನ ಕಲ್ಲಿನ ಮೇಲೆ ಕೂರಬೇಕು.

ನಗಬೇಡ ಕೊಟ್ರಯ್ಯ. ಅದೇನು ಕೆಟ್ಟ ಕಟ್ಟಳೆಯಲ್ಲ. ನಿನ್ನ ಕೋಲು ತಾಗಿತು, ಇಲ್ಲ ನಿನ್ನದೇ ತಾಗಿತು ಅಂತ ಹನ್ನೆರಡು ಜನ ಬಡಿದಾಡುವುದನ್ನು ಅದು ಹದಿನೈದು ವರ್ಷ ತಪ್ಪಿಸಿತ್ತು. ಎಲ್ಲರ ಮನಸ್ಸು ನೆಟ್ಟಗಿದ್ದಷ್ಟು ದಿನ ಅದು ಚೆನ್ನಾಗಿಯೇ ನಡೆಯಿತು.

ಒಂದು ವರ್ಷ, ವಯಸ್ಸಾದವನೊಬ್ಬ ಕೋಲು ಕೆಳಗಿಟ್ಟ ಜಾಗಕ್ಕೆ ಒಬ್ಬ ಬಟ್ಟೆ ವ್ಯಾಪಾರಿ ಬಂದು ಸೇರಿದ. ಆಹಾ, ಎಂಥ ಆಟ ಅವನದು! ಕಾಲು ನೆಲ ಮುಟ್ಟಿದ್ದೇ ಕಾಣುತ್ತಿರಲಿಲ್ಲ. ದಾರಿಯಲ್ಲಿ ಹೋಗುವ ಗಾಡಿಗಳು ನಿಂತು ನೋಡುತ್ತಿದ್ದವು. ಅಕ್ಕಪಕ್ಕದ ಊರಿನವರು ಹಬ್ಬಕ್ಕೆ ಕರೆಯತೊಡಗಿದರು. ಅಷ್ಟೇ ಅಲ್ಲ, ಎಲ್ಲರಿಗಿಂತ ಮೊದಲು ಬಂದು ಬಯಲು ಗುಡಿಸುವವನು ಅವನು. ನೀರು ಚಿಮುಕಿಸುವವನು ಅವನು. “ಅಣ್ಣಾ, ದಣಿದು ಬಂದಿದ್ದೀರಿ, ಕೂತುಕೊಳ್ಳಿ” ಎಂದು ನೇಕಾರನಿಗೆ ಕಲ್ಲು ಒರೆಸಿ ಕೊಡುವವನೂ ಅವನೇ. ಅವನಲ್ಲಿ ಇದ್ದದ್ದು ಒಂದೇ ಒಂದು ಕೊರತೆ. ಇನ್ನೊಬ್ಬರನ್ನು ಜನ ಹೊಗಳಿದರೆ ಅವನಿಗೆ ಸಹಿಸಲು ಆಗುತ್ತಿರಲಿಲ್ಲ.

ಒಂದು ಸಂಜೆ ನೋಡುತ್ತ ನಿಂತ ಹೆಂಗಸರು ಕ್ಷೌರಿಕನ ಹೆಜ್ಜೆಯನ್ನು ಹೊಗಳಿದರು. ಮರುದಿನ ಆಟದ ನಡುವೆ ಕ್ಷೌರಿಕನ ಹೆಬ್ಬೆರಳಿಗೆ ಪೆಟ್ಟು ಬಿತ್ತು. ಎದುರಿಗಿದ್ದವನು ವ್ಯಾಪಾರಿ. ಕ್ಷೌರಿಕ ಕೋಲು ಕೆಳಗಿಟ್ಟು, ಕೈ ಮುಗಿದು, “ತಾಳ ತಪ್ಪಿದೆ, ಕ್ಷಮಿಸಿ” ಎಂದ. ವ್ಯಾಪಾರಿ ನಕ್ಕು ಅವನ ಬೆನ್ನು ತಟ್ಟಿದ.

ನಡುವೆ ನಿಂತ ನೇಕಾರ ಆ ಪೆಟ್ಟಿನ ಸದ್ದು ಕೇಳಿಸಿಕೊಂಡಿದ್ದ. ವ್ಯಾಪಾರಿಯ ಕೋಲು ತಾಳಕ್ಕಿಂತ ಮೊದಲೇ ಬಿದ್ದಿತ್ತು. ಕೂದಲೆಳೆಯಷ್ಟು ಮೊದಲು. ಆಡುವವರಿಗೆ ತಮ್ಮ ಕೋಲಿನ ಸದ್ದೇ ಕಿವಿ ತುಂಬಿರುತ್ತದೆ, ಅವರಿಗೆ ಅದು ಕೇಳುವುದಿಲ್ಲ. ನೋಡುವವರಿಗೆ ಎಲ್ಲವೂ ಒಂದೇ ಗದ್ದಲ. ಅದು ಕೇಳಿಸುವುದು ನಡುವೆ ನಿಂತು ತಾಳ ಹಾಕುವ ಒಬ್ಬನಿಗೆ ಮಾತ್ರ.

ನನ್ನ ಕಿವಿಯೇ ತಪ್ಪಿರಬೇಕು ಎಂದುಕೊಂಡ ನೇಕಾರ. ಹತ್ತು ದಿನ ಬಿಟ್ಟು ಬುಟ್ಟಿ ಹೆಣೆಯುವವನಿಗೆ ಪೆಟ್ಟು ಬಿತ್ತು. ಮತ್ತೆ ಅದೇ ಸದ್ದು. ಆಮೇಲೆ ಇನ್ನೊಬ್ಬನಿಗೆ. ಪ್ರತಿ ಸಲವೂ ಪೆಟ್ಟು ತಿಂದವನು ಹಿಂದಿನ ದಿನ ಯಾರಿಂದಲೋ ಹೊಗಳಿಸಿಕೊಂಡವನೇ. ಪ್ರತಿ ಸಲವೂ ಕೈ ಮುಗಿದವನು ಪೆಟ್ಟು ತಿಂದವನೇ.

ನೇಕಾರನ ನೆಮ್ಮದಿ ಹಾರಿಹೋಯಿತು. ಮಗ್ಗದಲ್ಲಿ ಕೂತರೆ ಎಳೆ ಹರಿಯುತ್ತಿತ್ತು. “ಏನು ಯೋಚನೆ ನಿಮಗೆ? ಬೆಳಗಿನಿಂದ ಗಂಟು ಹಾಕಿದ್ದೇ ಆಯಿತು, ಒಂದು ಮೊಳ ನೇಯ್ದಿಲ್ಲ” ಎಂದು ಹೆಂಡತಿ ರೇಗಿದಳು. ಅವನ ತಲೆಯಲ್ಲಿ ಒಂದೇ ಲೆಕ್ಕಾಚಾರ. ಹೇಳಿಬಿಟ್ಟರೆ ಏನಾದೀತು? ಅವನು ಮುನಿಸಿಕೊಂಡು ಹೋದರೆ? ಯುಗಾದಿಗೆ ಮೂರು ಊರಿನವರು ಕರೆದಿದ್ದಾರೆ, ಅವನಿಲ್ಲದೆ ಯಾವ ಮುಖ ಇಟ್ಟುಕೊಂಡು ಹೋಗುವುದು? ನನ್ನ ಕಿವಿ ನಿಜಕ್ಕೂ ತಪ್ಪಿದ್ದರೆ? ಎಲ್ಲರೆದುರು ಒಬ್ಬ ಮನುಷ್ಯನ ಮಾನ ಕಳೆದ ಪಾಪ ಯಾರಿಗೆ ಬೇಕು? ಹೇಳಿದರೆ ಏನಾದೀತು ಎಂದು ಅವನು ನೂರು ಸಲ ಯೋಚಿಸಿದ. ಹೇಳದಿದ್ದರೆ ಏನಾದೀತು ಎಂದು ಒಂದು ಸಲವೂ ಯೋಚಿಸಲಿಲ್ಲ.

ಹಾಗೆಂದು ಅವನು ಸುಮ್ಮನೆ ಕೂತ ಎಂದುಕೊಂಡೆಯಾ? ಇಲ್ಲಪ್ಪ, ಪಾಪ, ಬಹಳ ಓಡಾಡಿದ. ಮೊದಲು ಜಾಗ ಬದಲಿಸಿದ. ಪೆಟ್ಟು ತಿಂದವರನ್ನು ವ್ಯಾಪಾರಿಯಿಂದ ದೂರ ನಿಲ್ಲಿಸಿದ. ಆದರೆ ಕೋಲಾಟದಲ್ಲಿ ನಿಂತ ಜಾಗ ಎಲ್ಲಿ ಉಳಿಯುತ್ತದೆ? ಒಬ್ಬರ ನಡುವೆ ಒಬ್ಬರು ನುಗ್ಗಿ ಸುತ್ತುವ ಹೆಣಿಗೆ ಶುರುವಾದರೆ ಎಲ್ಲರೂ ಎಲ್ಲರ ಎದುರಿಗೂ ಬರಲೇಬೇಕು. ಆಮೇಲೆ ತಾಳವನ್ನೇ ನಿಧಾನ ಮಾಡಿದ. ಆಟ ಸಪ್ಪೆಯಾಯಿತು, ಪೆಟ್ಟು ನಿಲ್ಲಲಿಲ್ಲ.

ಕೊನೆಗೆ ಒಂದು ಸಂಜೆ ಎಲ್ಲರನ್ನೂ ಕೂರಿಸಿ, ಯಾರ ಮುಖವನ್ನೂ ನೋಡದೆ, “ಎಲ್ಲರೂ ಸ್ವಲ್ಪ ನೋಡಿಕೊಂಡು ಆಡಬೇಕು, ಒಬ್ಬರಿಗೊಬ್ಬರು ನೋವು ಮಾಡಬಾರದು” ಎಂದ. ಒಬ್ಬನಿಗೆ ಹೇಳಲಾರದ ಮಾತನ್ನು ಹನ್ನೆರಡು ಜನಕ್ಕೆ ಹಂಚಿದ. ಹನ್ನೊಂದು ಜನ, ಅಯ್ಯೋ ನಮ್ಮಿಂದ ಏನಾಯಿತೋ ಎಂದು ಹೆದರಿ, ಮರುದಿನದಿಂದ ಕೈ ಬಿಗಿಹಿಡಿದು ಆಡತೊಡಗಿದರು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ವ್ಯಾಪಾರಿ. “ಅಣ್ಣ ಹೇಳಿದ್ದು ಲಕ್ಷಕ್ಕೊಂದು ಮಾತು” ಎಂದ.

ಆಗ ನೇಕಾರನಿಗೆ ಒಂದು ಉಪಾಯ ಹೊಳೆಯಿತು. ಮಗ್ಗದಲ್ಲಿ ಕೂತು, ದಪ್ಪ ನೂಲಿನಲ್ಲಿ, ಕೈಬೆರಳಿಗೆ ಸುತ್ತಿ ಕಟ್ಟುವ ಪಟ್ಟಿ ನೇಯ್ದ. ಎರಡು ಕೈಗೆ ಒಂದು ಜೊತೆ. ಒಂದು ವಾರ ಹೊಟ್ಟೆಪಾಡಿನ ಕೆಲಸ ಬದಿಗಿಟ್ಟು ಹನ್ನೊಂದು ಜೊತೆ ಮುಗಿಸಿದ. ಅಂಚಿಗೆ ಬಣ್ಣವನ್ನೂ ಹಾಕಿದ. ಅಂಥ ಅಚ್ಚುಕಟ್ಟಿನ ನೇಯ್ಗೆಯನ್ನು ಅವನು ಮದುವೆ ಸೀರೆಗೂ ಮಾಡಿರಲಿಲ್ಲ. ಬಯಲಿಗೆ ತಂದು ಹಂಚಿದಾಗ ವ್ಯಾಪಾರಿ ಮುಂದೆ ಬಂದು ಎರಡೂ ಕೈ ಚಾಚಿದ.

“ನನ್ನದೆಲ್ಲಿ ಅಣ್ಣಾ?”

ನೇಕಾರ ತಬ್ಬಿಬ್ಬಾದ. ಮನೆಗೆ ಹೋಗಿ ಹನ್ನೆರಡನೆಯ ಜೊತೆಯನ್ನೂ ನೇಯ್ದ.

ಈಗ ಕುಂಬಾರನ ವಿಷಯ ಹೇಳಬೇಕು. ಮಾತು ಕಡಿಮೆ ಅವನದು. ತಾಳದಲ್ಲಿ ಅವನಷ್ಟು ಗಟ್ಟಿ ಆ ಕೂಟದಲ್ಲಿ ಇನ್ನೊಬ್ಬನಿರಲಿಲ್ಲ. ಒಂದು ದಿನ ಹಗಲು ಹೊತ್ತಿನಲ್ಲಿ, ಕೈಯ ಮಣ್ಣನ್ನೂ ತೊಳೆಯದೆ, ನೇಕಾರನ ಮನೆಗೆ ಬಂದು ಮಗ್ಗದ ಪಕ್ಕ ನಿಂತ.

“ಅಣ್ಣಾ, ನಿನ್ನೆ ಊರಗೌಡರು ನನ್ನ ಆಟ ಚೆನ್ನಾಗಿದೆ ಅಂತ ಎಲ್ಲರೆದುರು ಹೇಳಿಬಿಟ್ಟರು. ಅದು ವ್ಯಾಪಾರಿಯ ಕಿವಿಗೂ ಬಿತ್ತು. ಇನ್ನು ನನ್ನ ಸರದಿ ಅಂತ ನನಗೆ ಭಯವಾಗಿದೆ. ತಾಳ ಹಿಡಿಯುವವನು ನೀನು. ನಿನಗೆ ಕೇಳಿಸಿಲ್ಲ ಅಂದರೆ ನಾನು ನಂಬಲಾರೆ. ನನ್ನ ಹೊಟ್ಟೆಪಾಡು ಈ ಹೆಬ್ಬೆರಳಿನಲ್ಲಿದೆ ಅಣ್ಣಾ, ಒಂದು ಮಾತು ಹೇಳು ಅವನಿಗೆ.”

ನೇಕಾರ ಹರಿದ ಎಳೆಯನ್ನು ಹುಡುಕುವವನ ಹಾಗೆ ತಲೆ ಬಗ್ಗಿಸಿದ.

“ಯುಗಾದಿ ಒಂದು ಕಳೆಯಲಿ ತಮ್ಮಾ. ಆಮೇಲೆ ನಾನೇ ಹೇಳುತ್ತೇನೆ. ಅಲ್ಲಿಯ ತನಕ ಪಟ್ಟಿ ಕಟ್ಟಿಕೊಂಡು ಆಡು.”

“ಪಟ್ಟಿ ಕಟ್ಟಿದರೆ ಕೋಲು ಹಿಡಿತಕ್ಕೆ ಸಿಗುವುದಿಲ್ಲ ಅಣ್ಣಾ. ತಾಳ ತಪ್ಪುತ್ತದೆ” ಎಂದ ಕುಂಬಾರ. ನೇಕಾರ ತಲೆ ಎತ್ತಲಿಲ್ಲ. ಕುಂಬಾರ ಹೋದ.

ಯುಗಾದಿಗೆ ಇನ್ನೂ ನಾಲ್ಕು ದಿನವಿತ್ತು. ಅವತ್ತು ಸಂಜೆ ಆಟ ಶುರುವಾದಾಗಿನಿಂದ ನೇಕಾರನ ಕಣ್ಣು ಕುಂಬಾರನ ಮೇಲೆಯೇ ಇತ್ತು. ಹೆಣಿಗೆ ಸುತ್ತಿ ಸುತ್ತಿ ಬಂತು. ಕುಂಬಾರನೂ ವ್ಯಾಪಾರಿಯೂ ಎದುರುಬದುರಾಗಲು ಆರು ಹೆಜ್ಜೆ ಉಳಿದಿತ್ತು. ನಾಲ್ಕು ಉಳಿಯಿತು. ತಾಳ ನಿಲ್ಲಿಸಿಬಿಡಲೇ ಎಂದುಕೊಂಡ ನೇಕಾರ. ತಾಳ ನಿಂತರೆ ಆಟ ನಿಲ್ಲುತ್ತದೆ, ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಯಾಕೆ ನಿಲ್ಲಿಸಿದೆ ಎಂದು ಹನ್ನೆರಡು ಜನ ಕೇಳಿದರೆ ಏನು ಹೇಳುವುದು? ಎರಡು ಹೆಜ್ಜೆ ಉಳಿಯಿತು. ಅವನ ಕೈ ತಾಳ ಹಾಕುತ್ತಲೇ ಇತ್ತು.

ಕೋಲು ಬಿದ್ದ ಸದ್ದಿನ ಜೊತೆಗೆ ಇನ್ನೊಂದು ಸದ್ದೂ ಆಯಿತು. ಅದು ಎಲ್ಲರಿಗೂ ಕೇಳಿಸಿತು. ಕುಂಬಾರನ ಬಲಗೈ ಹೆಬ್ಬೆರಳು ಮುರಿದಿತ್ತು. ತಿಗರಿಯ ಮೇಲೆ ತಿರುಗುವ ಮಣ್ಣಿನ ಮುದ್ದೆಗೆ ಬಾಯಿ ತೆರೆಯುವ ಹೆಬ್ಬೆರಳು ಅದೇ.

ನೇಕಾರನ ಮನಸ್ಸಿಗೆ ಮೊದಲು ಬಂದದ್ದು ಏನು ಗೊತ್ತೇ ಕೊಟ್ರಯ್ಯ? ಇವನು ಪಟ್ಟಿ ಯಾಕೆ ಕಟ್ಟಿಕೊಳ್ಳಲಿಲ್ಲ ಎಂಬ ಸಿಟ್ಟು.

ಕುಂಬಾರ ಎಡಗೈಯಿಂದ ಎರಡೂ ಕೋಲು ಕೆಳಗಿಟ್ಟ. ಕೈ ಮುಗಿಯಲು ಹೋದ, ಬೆರಳು ಕೂಡಲಿಲ್ಲ. ಕಟ್ಟಳೆಯ ಪ್ರಕಾರ ಅವನು ವ್ಯಾಪಾರಿಯ ಕಡೆ ತಿರುಗಬೇಕಿತ್ತು. ತಿರುಗಲಿಲ್ಲ. ನಡುವೆ ನಿಂತ ನೇಕಾರನ ಮುಖ ನೋಡಿ, “ತಾಳ ತಪ್ಪಿದೆ, ಕ್ಷಮಿಸಿ” ಎಂದ. ಕಲ್ಲಿನ ಮೇಲೆ ಕೂರದೆ ನೆಟ್ಟಗೆ ಮನೆಗೆ ನಡೆದ.

ಮರುದಿನ ಕ್ಷೌರಿಕ ಬರಲಿಲ್ಲ. ಅತ್ತೆಯ ಮನೆಗೆ ಹೋಗಬೇಕಿತ್ತಂತೆ. ಬುಟ್ಟಿಯವನು ಬರಲಿಲ್ಲ, ಮಂಡಿನೋವಂತೆ. ಇನ್ನೊಬ್ಬನ ಮನೆಯಲ್ಲಿ ಹಸು ಈದಿತ್ತು. ಯಾರೂ ಜಗಳವಾಡಲಿಲ್ಲ, ಯಾರೂ ವ್ಯಾಪಾರಿಯ ಹೆಸರೆತ್ತಲಿಲ್ಲ. ಎಲ್ಲರೂ ಬಹಳ ಮರ್ಯಾದೆಯಿಂದ ಒಂದೊಂದು ಕಾರಣ ಹೇಳಿ ಕಳಿಸಿದರು. ಬೆರಳಪಟ್ಟಿಗಳನ್ನು ಒಗೆದು, ಮಡಚಿ, ನೇಕಾರನ ಜಗಲಿಯ ಮೇಲೆ ಇಟ್ಟು ಹೋದರು. ಅವನ ಹೆಂಡತಿ ಅವನ್ನು ಎತ್ತಿ ಒಳಗಿಟ್ಟಳು.

ನೇಕಾರ ಕುಂಬಾರನ ಮನೆಗೆ ಹೋದ. ತಿಗರಿಯ ಮೇಲೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಕುಂಬಾರ ಕೈಗೆ ದಬ್ಬೆ ಕಟ್ಟಿಕೊಂಡು ಗೋಡೆಗೆ ಒರಗಿದ್ದ. ನೇಕಾರನಿಗೆ ಅಳು ಉಕ್ಕಿ ಬಂತು.

“ಅವನು ಇಂಥವನು ಅಂತ ಗೊತ್ತಿದ್ದರೆ...”

“ಗೊತ್ತಿತ್ತು ಅಣ್ಣಾ” ಎಂದ ಕುಂಬಾರ. ದನಿಯಲ್ಲಿ ಸಿಟ್ಟಿರಲಿಲ್ಲ. “ಅವನು ನನಗೆ ಹೊಡೆದದ್ದು ಒಂದು ಸಲ. ಹೊಡೆಸಿಕೊಂಡವರ ಬಾಯಲ್ಲಿ ಪ್ರತಿ ಸಲ ಕ್ಷಮೆ ಕೇಳಿಸಿದವನು ನೀನು.”

ನೇಕಾರ ಮನೆಗೆ ಹಿಂದಿರುಗಿದ. ಹೊತ್ತು ಇಳಿಯಿತು. ಕಾಲುಗಳು ತಾವಾಗಿಯೇ ಹುಣಸೆಮರದ ಬಯಲಿಗೆ ಕರೆದುಕೊಂಡು ಹೋದವು. ಬಯಲು ಗುಡಿಸಿ ಚೊಕ್ಕಟವಾಗಿತ್ತು. ನೀರು ಚಿಮುಕಿಸಿಯೂ ಆಗಿತ್ತು. ವ್ಯಾಪಾರಿ ಒಬ್ಬನೇ ಕಲ್ಲು ಒರೆಸುತ್ತ ನಿಂತಿದ್ದ.

“ಯಾರೂ ಇಲ್ಲವಲ್ಲ ಅಣ್ಣಾ! ಈಗಿನ ಜನಕ್ಕೆ ಶ್ರದ್ಧೆಯೇ ಇಲ್ಲ ನೋಡಿ. ಹೋಗಲಿ ಬಿಡಿ, ನಾವಿಬ್ಬರೂ ಆಡೋಣ ಬನ್ನಿ.”

ಇಡೀ ಬಯಲಿನಲ್ಲಿ ಇವರಿಬ್ಬರೇ. ನೋಡುವವರಿಲ್ಲ, ಮುನಿಸಿಕೊಳ್ಳುವವರಿಲ್ಲ, ಯುಗಾದಿಗೆ ಹೋಗುವ ಕೂಟವೂ ಇಲ್ಲ. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಇನ್ನು ಬರುವುದಿರಲಿಲ್ಲ. ನೇಕಾರ ಬಾಯಿ ತೆರೆದ. ನಾಲಿಗೆ ಏಳಲಿಲ್ಲ. ಅಷ್ಟು ದಿನ ಸುಮ್ಮನಿದ್ದ ನಾಲಿಗೆಗೆ ಸುಮ್ಮನಿರುವುದೇ ಅಭ್ಯಾಸವಾಗಿತ್ತು. ಅವನು ತಾಳವನ್ನು ಕಲ್ಲಿನ ಮೇಲಿಟ್ಟು ಕೋಲು ಎತ್ತಿಕೊಂಡ.

ಎರಡು ಸುತ್ತು ಆಡಿದರು. ಮೂರನೆಯ ಸುತ್ತಿನಲ್ಲಿ ವ್ಯಾಪಾರಿಯ ಕೋಲು ನೇಕಾರನ ಬೆರಳಿನ ಮೇಲೆ ಬಿತ್ತು.

ನೋವು ಮೊಳಕೈಯವರೆಗೆ ಏರಿತು. ನೇಕಾರ ಕೋಲು ಕೆಳಗಿಟ್ಟ. ಎದುರಿಗೆ ನಿಂತು ನಗುತ್ತಿದ್ದವನನ್ನು ನೋಡಿದ. ಎರಡೂ ಕೈ ಜೋಡಿಸಿದ.

“ತಾಳ ತಪ್ಪಿದೆ, ಕ್ಷಮಿಸಿ” ಎಂದ.

ಗುರುಗಳು ಕತೆ ನಿಲ್ಲಿಸಿ ಮೊರವನ್ನು ಕೊಡವಿದರು. ಸಿಪ್ಪೆ ಒಂದು ಕಡೆಗೆ ಹೋಯಿತು.

ಕೊಟ್ರಯ್ಯನ ಕೈಯಲ್ಲಿ ಕಡಲೆಕಾಯಿ ಹಾಗೆಯೇ ಇತ್ತು, ಒಂದನ್ನೂ ಸುಲಿದಿರಲಿಲ್ಲ. ಹೊರಗೆ ಜಮಖಾನೆ ಕೊಡವಿ ಹಾಸುವ ಸದ್ದು ಕೇಳಿಸಿತು. ಎಲ್ಲರಿಗಿಂತ ಮೊದಲು ಬಂದು ಜಮಖಾನೆ ಹಾಸುವವನು ಯಾವಾಗಲೂ ಪಂಪಾಪತಿಯೇ. ಸ್ವಲ್ಪ ಹೊತ್ತಿಗೆ ಹಾರ್ಮೋನಿಯಂ ಕೂಡ ಒಂದು ಸ್ವರ ಎಳೆದು ನಿಂತಿತು. ದಾಕ್ಷಾಯಣಮ್ಮ ಇಷ್ಟು ಹೊತ್ತಿಗೆ ಮನೆ ಬಿಟ್ಟಿರುತ್ತಾರೆ ಎಂದು ಕೊಟ್ರಯ್ಯನಿಗೆ ಅನ್ನಿಸಿತು.

“ಆ ವ್ಯಾಪಾರಿಯನ್ನು ಕೂಟದಿಂದ ಹೊರಗೆ ಹಾಕಬೇಕಿತ್ತು ಅನ್ನುತ್ತೀರಾ ಗುರುಗಳೇ? ಅಥವಾ ಕರೆದು ಬುದ್ಧಿ ಹೇಳಿದ್ದರೆ ಸಾಕಿತ್ತೇ? ಎರಡರಲ್ಲಿ ಯಾವುದು ಧರ್ಮ?”

ಗುರುಗಳು ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದರು. ಅವರು ಕೇಳಿದ್ದು ಒಂದೇ ಮಾತು.

“ಈ ಆರು ವರ್ಷದಲ್ಲಿ ನೀನು ಎಷ್ಟು ಜೊತೆ ಬೆರಳಪಟ್ಟಿ ನೇಯ್ದೆ, ಕೊಟ್ರಯ್ಯ?”